ಕಿಕ್ ಸುಮ್ನೆ ಕೆಳಗೆ ಬೀಳ್ತಿದೆ, ಅಪ್ಪನ ಬುಲೆಟ್ಟಿಗೆ ಕಂಪ್ರೆಷನ್ನೇ ಇಲ್ಲ – ಬೋರ್ ಮಾಡಿಸ್ಲೇಬೇಕಾ?

ಸಿದ್ದಾಪುರದವ:
ಎಲ್ರಿಗೂ ನಮಸ್ಕಾರ. ಅಪ್ಪನ ಬುಲೆಟ್ 350, 1987 ಮಾಡೆಲ್, ಕಾಸ್ಟ್ ಐರನ್ ಇಂಜಿನ್. ಹೋದ ವರ್ಷ ಹುತ್ತರಿವರೆಗೂ (ನಮ್ಮ ಕೊಡಗಿನ ಸುಗ್ಗಿ ಹಬ್ಬ) ಚೆನ್ನಾಗೇ ಓಡ್ತಿತ್ತು, ಆಮೇಲೆ ಅಪ್ಪಂಗೆ ಮಂಡಿ ನೋವು ಶುರುವಾಗಿ ಪಲ್ಪರ್ ಶೆಡ್ಡಲ್ಲಿ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಶೆಡ್ಡು) ನಿಲ್ಸಿದ್ದು ನಿಲ್ಸಿದ್ದೇ, ನಾನು ಬೆಂಗಳೂರಲ್ಲಿ, ತಿರುಗಿ ನೋಡೋರೇ ಇಲ್ಲ. ಈ ಸಲದ ಮಳೆ ಪೂರ್ತಿ ಅಲ್ಲೇ ಕಳೀತು. ಮೊನ್ನೆ ಊರಿಗೆ ಬಂದು ಕಿಕ್ ಮಾಡಿದ್ರೆ ಕಂಪ್ರೆಷನ್ನೇ ಇಲ್ಲ, ಅಂದ್ರೆ ಪಿಸ್ಟನ್ ಸಿಲಿಂಡರಲ್ಲಿ ಗಾಳಿನ ಒತ್ತಿ ಹಿಡೀತಾನೇ ಇಲ್ಲ, ಲಿವರ್ ಕೈಲಿ ಒತ್ತಿದ್ರೂ ಕೆಳಗೆ ಹೋಗುತ್ತೆ. ಮುಂಚೆ ಡಿಕಂಪ್ರೆಸರ್ (ಕಿಕ್ ಹಗುರ ಆಗೋಕೆ ಸಿಲಿಂಡರಿನ ಗಾಳಿ ಹೊರಗೆ ಬಿಡೋ ಲಿವರ್) ಹಿಡೀದೆ ಕಿಕ್ ಮೇಲೆ ಹತ್ತಿ ನಿಂತ್ರೂ ಅಲ್ಲಾಡ್ತಿರಲಿಲ್ಲ. ಕಿಡಿ ಬರ್ತಿದೆ, ಪೆಟ್ರೋಲ್ ಹೊಸದು, ಕಾರ್ಬ್ಯುರೇಟರ್ ತೊಳ್ದಿದೀನಿ. ಒಂದು ಗ್ಯಾರೇಜಲ್ಲಿ ತೋರಿಸ್ದೆ, ಅವರು ಒಂದೇ ಒಂದು ಸಲ ಕಿಕ್ ಒತ್ತಿ "ರಿಂಗ್ ಹೋಗಿದೆ, ಬೋರ್ ಮಾಡಿ ಪಿಸ್ಟನ್ ಹಾಕ್ಬೇಕು, ಇಂಜಿನ್ ಇಳಿಸ್ಬಿಡೋಣ" ಅಂದ್ರು, ಅಂದ್ರೆ ಪಿಸ್ಟನ್ ಸುತ್ತಿನ ಬಳೆ ಸವೆದಿದೆ, ಸಿಲಿಂಡರಿನ ಒಳಗೋಡೆ ಕೊರೆದು ದೊಡ್ಡದು ಮಾಡ್ಬೇಕು ಅಂತ. ಹತ್ತು ಸೆಕೆಂಡಲ್ಲಿ ಅಷ್ಟೆಲ್ಲ ಗೊತ್ತಾಗಿಹೋಯ್ತಾ ಅಂತ ಡೌಟು. ಈ ಹುತ್ತರಿಗೆ ಗಾಡಿ ಹೊರಗೆ ಬರ್ಬೇಕು ಅಂತ ಅಪ್ಪ ಹಠ ಹಿಡಿದು ಕೂತಿದಾರೆ. ಎಲ್ಲಿಂದ ಶುರು ಮಾಡ್ಲಿ?

ಸುಳ್ಯ ಸೈಡ್:
ಬೋರ್ ಮಾಡ್ಸಿಬಿಡಿ ಮಾರಾಯ್ರೆ, 1987ರ ಗಾಡಿ ಹೇಳಿದ್ರೆ ಹೇಗೂ ಸವೆದಿರ್ತದೆ. ನಾನು ನಂದಕ್ಕೆ ಮಾಡ್ಸಿ ಆರಾಮ ಇದ್ದೇನೆ.

ಲೇತ್ ಮನೆ:
ಲೇತ್ ಇಟ್ಕೊಂಡು ಬೋರ್ ಮಾಡಿ ಹೊಟ್ಟೆ ಹೊರೆಯೋನು ನಾನೇ ಹೇಳ್ತಿದೀನಿ, ಈಗಲೇ ಬೋರ್ ಮಾಡಿಸ್ಬೇಡಿ. ಒಂದ್ ಸಲ ಬೋರ್ ಅಂದ್ರೆ ಒಂದು ಓವರ್‌ಸೈಜ್ (ಮುಂದಿನ ದೊಡ್ಡ ಪಿಸ್ಟನ್ ಅಳತೆ) ಖಾಲಿ ಅಂತ ಲೆಕ್ಕ, ಕಬ್ಬಿಣ ವಾಪಸ್ ಬರಲ್ಲ, ಎಲ್ಲ ಸೈಜೂ ಮುಗಿದ ಮೇಲೆ ಒಳಗೆ ಹೊಸ ಕೊಳವೆ, ಅಂದ್ರೆ ಸ್ಲೀವ್ ಹಾಕ್ಬೇಕು. ಇನ್ನೊಂದು ವಿಷ್ಯ ಯೋಚ್ನೆ ಮಾಡಿ ಗುರು, ಬೋರ್ ಸವೆಯೋದು ಓಡ್ವಾಗ, ಶೆಡ್ಡಲ್ಲಿ ನಿಂತಾಗ ಅಲ್ಲ. ನಿಲ್ಸಿದ ದಿನ ಕಂಪ್ರೆಷನ್ ಇತ್ತು, ಮಳೆ ಮುಗಿದ ಮೇಲೆ ಇಲ್ಲ ಅಂದ್ರೆ ಅದು ಸವೆತ ಅಲ್ಲ, ತುಕ್ಕೋ, ರಿಂಗ್ ಅಂಟ್ಕೊಂಡಿರೋದೋ, ವಾಲ್ವ್ ತನ್ನ ಸೀಟಲ್ಲಿ ಪೂರ್ತಿ ಕೂತು ಮುಚ್ತಾ ಇಲ್ವೋ, ಇವುಗಳಲ್ಲಿ ಒಂದು.

ಹಳೇ ಬುಲೆಟ್ ಅಜ್ಜ:
ನಾಪೋಕ್ಲು ಕಡೆಯವನು ನಾನು, ನನ್ನ ಹತ್ರ ಇರುವ ಗಾಡಿಗೆ ನಿನಗಿಂತ ಜಾಸ್ತಿ ವಯಸ್ಸಾಗಿರಬಹುದು. ಮಗ, ಮೊದ್ಲು ಗಾಳಿ ಎಲ್ಲಿಂದ ಹೋಗ್ತಾ ಉಂಟು ಅಂತ ಕಂಡುಹಿಡಿ, ಸ್ಪ್ಯಾನರ್ ಆಮೇಲೆ. ಸಿಲಿಂಡರಿಂದ ಗಾಳಿ ಹೊರಗೆ ಹೋಗ್ಲಿಕ್ಕೆ ಇರುವ ದಾರಿಯೇ ನಾಲ್ಕೈದು. ಮೇಲೆ ಎರಡು ವಾಲ್ವ್, ಕೆಳಗೆ ರಿಂಗ್ ಸಂದು, ಮಧ್ಯ ಹೆಡ್ ಪ್ಯಾಕಿಂಗ್ (ಸಿಲಿಂಡರಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್), ಮತ್ತೆ ಪ್ಲಗ್ ಥ್ರೆಡ್. ನಮ್ಮ ಗಾಡಿಗೆ ಇನ್ನೊಂದು ತೂತು ಹೆಚ್ಚು, ಡಿಕಂಪ್ರೆಸರ್. ಅದನ್ನ ಎಲ್ರೂ ಮರೀತಾರೆ.

ಆದ್ರೆ ಅದಕ್ಕೂ ಮುಂಚೆ ಒಂದು ನೋಡು. ಕಿಕ್ ಸಲೀಸಾಗಿ ಬೀಳ್ತದೆ ಅಂದ ಮಾತ್ರಕ್ಕೆ ಕಂಪ್ರೆಷನ್ ಇಲ್ಲ ಅಂತ ಅಲ್ಲ, ಇಂಜಿನ್ನೇ ತಿರುಗ್ತಾ ಇಲ್ದೆ ಇರಬಹುದು. ಬುಲೆಟ್ಟಲ್ಲಿ ಕಿಕ್ಕಿನ ಬಲ ಗೇರ್‌ಬಾಕ್ಸಿಗೆ ಹೋಗಿ ಕ್ಲಚ್ ಮೂಲಕ ಕ್ರ್ಯಾಂಕಿಗೆ ಬರೋದು. ಕ್ಲಚ್ ಜಾರಿದ್ರೂ, ಕೇಬಲ್ ಬಿಗಿ ಇದ್ರೂ, ಕಿಕ್ಕಿನ ಹಲ್ಲು ಸವೆದಿದ್ರೂ ಲಿವರ್ ಪುಸ್ಸಂತ ಕೆಳಗೆ ಹೋಗ್ತದೆ. ಕೀ ಆನ್ ಮಾಡಿ ನಿಧಾನಕ್ಕೆ ಕಿಕ್ ಒತ್ತುತ್ತಾ ಹೆಡ್‌ಲೈಟ್ ಮೇಲಿನ ಆಮೀಟರ್ ಮುಳ್ಳು ನೋಡು, ಕಿಡಿ ಕೊಡುವ ಪಾಯಿಂಟ್ (ಕಾಂಟ್ಯಾಕ್ಟ್) ಸೇರಿದಾಗ ಮೈನಸ್ ಕಡೆ ಹೋಗಿ, ಬಿಟ್ಟಾಗ ಮಧ್ಯಕ್ಕೆ ಬರ್ಬೇಕು. ಮುಳ್ಳು ಆಡಿದ್ರೆ ಇಂಜಿನ್ ತಿರುಗ್ತಾ ಉಂಟು. ಆಡದೆ ಇದ್ರೆ ಕ್ಲಚ್ ನೋಡು, ಹೆಡ್ಡಿನ ಸುದ್ದಿಗೇ ಹೋಗ್ಬೇಡ. ನಮ್ಮೂರಲ್ಲಿ ಒಬ್ಬರು ಬೋರ್, ಪಿಸ್ಟನ್, ವಾಲ್ವ್ ಎಲ್ಲ ಮಾಡ್ಸಿ ಆದ ಮೇಲೂ ಕಿಕ್ ಹಾಗೇ ಬೀಳ್ತಿತ್ತು, ಕೊನೆಗೆ ನೋಡಿದ್ರೆ ಕ್ಲಚ್ ಕೇಬಲ್.

ಆಮೇಲೆ ಟ್ಯಾಪೆಟ್, ಅಂದ್ರೆ ವಾಲ್ವ್ ತೆರೆಯುವ ರಾಡಿನ ಬಿಗಿ ಸಡಿಲ ನೋಡು. ಬಲಗಡೆ ಸಣ್ಣ ಮುಚ್ಚಳ ಬಿಚ್ಚು, ಇಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್ನಿನ ಮೇಲ್ತುದಿಲಿ ಇರಬೇಕು. ಪುಶ್‌ರಾಡ್ ಎರಡನ್ನೂ ಬೆರಳಲ್ಲಿ ತಿರುಗಿಸು, ಸಲೀಸಾಗಿ ತಿರುಗಬೇಕು, ಆದ್ರೆ ಮೇಲೆ ಕೆಳಗೆ ಆಡಬಾರದು. ತಿರುಗದೆ ಬಿಗಿ ಇದ್ರೆ ವಾಲ್ವ್ ಪೂರ್ತಿ ಮುಚ್ಚೋದೇ ಇಲ್ಲ, ಸೀಟ್ ಸವೆದು ವಾಲ್ವ್ ಮೇಲೆ ಸರಿದಿದ್ರೆ ಹಾಗಾಗ್ತದೆ. ಉಲ್ಟಾ, ರಾಡ್ ಲೊಡ ಲೊಡ ಅಂತಿದ್ರೆ ವಾಲ್ವ್ ತಾನು ಜಾರುವ ಕೊಳವೆಯಲ್ಲಿ (ಗೈಡ್) ತುಕ್ಕಿಗೆ ಸಿಕ್ಕಿ ಕೆಳಗೇ ನಿಂತುಬಿಟ್ಟಿರಬಹುದು. ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ.

ಎರಡು ಸ್ಟ್ರೋಕ್ ಎಣ್ಣೆ:
ಅಜ್ಜ ಬಂದ್ರು, ಇನ್ನು ಗ್ಯಾರೇಜಿನವರ ವ್ಯಾಪಾರ ಹಾಳು 😄

ಕಾಫಿಕಣ:
ಸೋಮವಾರಪೇಟೆಯಿಂದ. ಒಂದು ಮಾತು ಸೇರಿಸ್ತೀನಿ, ಕಿಕ್ ಮಾಡ್ತಾ ಹೋಗ್ಬೇಡಿ ಅಣ್ಣ. ಮಳೆಗಾಲ ಪೂರ್ತಿ ನಿಂತ ಕಬ್ಬಿಣದ ಬೋರಲ್ಲಿ ತುಕ್ಕಿನ ಪುಡಿ ಇದ್ರೆ ಒಂದೊಂದು ಕಿಕ್ಕಿಗೂ ಗೀರು ಬೀಳುತ್ತೆ. ಪ್ಲಗ್ ಬಿಚ್ಚಿ, ಪಿಸ್ಟನ್ ಕೆಳಗೆ ತಂದು, ಸಣ್ಣ ಟಾರ್ಚ್ ಬಿಟ್ಟು ಒಳಗೆ ನೋಡಿ. ಕಂದು ಪಟ್ಟಿ ಕಂಡ್ರೆ ಮೊದ್ಲು ಎಣ್ಣೆ ಬಿಡಿ, ಒಂದು ರಾತ್ರಿ ಹಾಗೇ ಇರಲಿ. ನಮ್ಮನೆ ಗಾಡಿಗೆ ಡೀಸೆಲ್ ಮತ್ತು ಇಂಜಿನ್ ಆಯಿಲ್ ಅರ್ಧರ್ಧ ಸೇರಿಸಿ ಬಿಟ್ಟಿದ್ದೆ, ಅಂಟ್ಕೊಂಡಿದ್ದ ರಿಂಗ್ ಎರಡು ದಿನಕ್ಕೆ ಬಿಟ್ಕೊಳ್ತು. ಅದೆಲ್ಲ ಇಳಿದು ಕೆಳಗಿನ ಆಯಿಲ್ಲಿಗೆ ಸೇರುತ್ತೆ, ಹಾಗಾಗಿ ಸ್ಟಾರ್ಟ್ ಮಾಡೋ ಮುಂಚೆ ಆಯಿಲ್ ಬದಲಾಯಿಸಿ.

ಸಿದ್ದಾಪುರದವ:
ಅಜ್ಜ, ಮುಳ್ಳು ಚೆನ್ನಾಗಿ ಆಡ್ತಿದೆ, ಅಂದ್ರೆ ಇಂಜಿನ್ ತಿರುಗ್ತಿದೆ. ಟ್ಯಾಪೆಟ್ ಮುಚ್ಚಳ ಬಿಚ್ಚೋಕೆ ಅರ್ಧ ಗಂಟೆ ಆಯ್ತು (ಯಾರೋ ಗಮ್ ಹಚ್ಚಿ ಕೂರ್ಸಿದಾರೆ), ರಾಡ್ ಎರಡೂ ಸಲೀಸಾಗಿ ತಿರುಗುತ್ತೆ, ಆಟ ಇಲ್ಲ. ಟಾರ್ಚ್ ಹಾಕಿ ನೋಡ್ದೆ ಅಕ್ಕ, ಬೋರಲ್ಲಿ ಒಂದು ಕಡೆ ತೆಳ್ಳಗೆ ಕಂದು ನೆರಳು ಇದೆ, ಜಾಸ್ತಿ ಇಲ್ಲ. ಎಣ್ಣೆ ಬಿಟ್ಟಿದೀನಿ. ಪ್ಲಗ್ ತೂತಿಗೆ ಹೆಬ್ಬೆರಳು ಇಟ್ಟು ಕಿಕ್ ಮಾಡಿದ್ರೆ ಬೆರಳನ್ನ ತಳ್ಳೋದೇ ಇಲ್ಲ, ಉಸಿರು ಬಿಟ್ಟಂಗೆ ಅಷ್ಟೇ.

ಲೇತ್ ಮನೆ:
ಸರಿ, ಈಗ ಒಣ ಟೆಸ್ಟು, ಎಣ್ಣೆ ಟೆಸ್ಟು. ಕಂಪ್ರೆಷನ್ ಗೇಜ್ ಯಾರತ್ರನಾದ್ರೂ ಇಸ್ಕೊಳ್ಳಿ. ಆಕ್ಸಿಲೇಟರ್ ಪೂರ್ತಿ ತೆರೆದು ಹಿಡೀಬೇಕು, ಇಲ್ಲಾಂದ್ರೆ ಸಿಲಿಂಡರಿಗೆ ಗಾಳಿನೇ ಬರಲ್ಲ, ರೀಡಿಂಗ್ ಸುಳ್ಳು ಹೇಳುತ್ತೆ, ಎಷ್ಟೋ ಮೆಕ್ಯಾನಿಕ್‌ಗಳೂ ಇದನ್ನ ಮಾಡಲ್ಲ. ಮುಳ್ಳು ಏರೋದು ನಿಲ್ಲೋವರೆಗೂ ಐದಾರು ಕಿಕ್, ಬರ್ಕೊಳ್ಳಿ. ಆಮೇಲೆ ಪ್ಲಗ್ ತೂತಿಂದ ಇಂಜಿನ್ ಆಯಿಲ್ ಬಿಟ್ಟು ಎರಡು ಕಿಕ್ ಮಾಡಿ ಎಣ್ಣೆ ಹರಡಿಸಿ, ತಿರುಗಿ ಅಳೀರಿ. ಎಣ್ಣೆ ರಿಂಗ್ ಸಂದನ್ನ ಮುಚ್ಚುತ್ತೆ, ವಾಲ್ವನ್ನ ಮುಚ್ಚಲ್ಲ. ರೀಡಿಂಗ್ ಜಿಗಿದ್ರೆ ರಿಂಗು ಬೋರು, ಅಲ್ಲಾಡದೆ ನಿಂತ್ರೆ ವಾಲ್ವ್ ಕಡೆ.

ಎಣ್ಣೆ ಒಂದೇ ಟೀ ಚಮಚ. ಯಾಕೆ ಅಂದ್ರೆ ಲೆಕ್ಕ ಹಾಕಿ, ಬೋರ್ 70 ಮಿಮೀ ಸ್ಟ್ರೋಕ್ 90 ಮಿಮೀ, 346 ಸಿಸಿ, ಈ ಹಳೇ ಇಂಜಿನ್ನಿನ ಕಂಪ್ರೆಷನ್ ರೇಶಿಯೋ ಸುಮಾರು 6.5, ಹಂಗಾಗಿ ಪಿಸ್ಟನ್ ಮೇಲಿದ್ದಾಗ ಉಳಿಯೋ ಜಾಗ 346ನ್ನ 5.5ರಿಂದ ಭಾಗಿಸಿದಷ್ಟು, 63 ಸಿಸಿ. ಅದರಲ್ಲಿ ನೀವು 20 ಸಿಸಿ ಎಣ್ಣೆ ಸುರಿದ್ರೆ ಜಾಗನೇ ಮೂರನೇ ಒಂದು ಭಾಗ ಕಮ್ಮಿ ಆಗಿ ರೀಡಿಂಗ್ ತಾನಾಗೇ ಏರುತ್ತೆ, ಆಗ ಒಳ್ಳೇ ರಿಂಗಿಗೂ ಕೆಟ್ಟ ಹೆಸರು. ಈಗಾಗಲೇ ಎಣ್ಣೆ ಬಿಟ್ಟಿದೀರಲ್ಲ, ಅದು ಇಳಿದುಹೋಗೋವರೆಗೆ ಕಾಯಿರಿ, ಇಲ್ಲಾಂದ್ರೆ ನಿಮ್ಮ ಒಣ ಟೆಸ್ಟು ಒಣ ಅಲ್ಲ.

ಕಾಫಿಕಣ:
ಗೇಜ್ ರೀಡಿಂಗನ್ನ ಕೆಳಗಿನ ಊರಿನವರ ಜೊತೆ ಹೋಲಿಸ್ಬೇಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ, ಅಲ್ಲಿ ಗಾಳಿಯ ಒತ್ತಡನೇ ನೂರಕ್ಕೆ 12-13 ಭಾಗ ಕಮ್ಮಿ. ಮಂಗಳೂರಲ್ಲಿ 100 ತೋರಿಸೋ ಇಂಜಿನ್ನನ್ನ ಮಡಿಕೇರಿಗೆ ಹತ್ತಿಸಿ ಅಳೆದ್ರೆ 87-88 ಬರುತ್ತೆ, ಇಂಜಿನ್ ಕೆಟ್ಟಿರಲ್ಲ. ನಾನು ಇದು ಗೊತ್ತಿಲ್ದೆ ಒಂದು ವಾರ ತಲೆ ಕೆಡಿಸ್ಕೊಂಡಿದ್ದೆ.

ಸುಳ್ಯ ಸೈಡ್:
ಓ ಇದು ನನಗೆ ಗೊತ್ತೇ ಇರ್ಲಿಲ್ಲ. ಸಂಪಾಜೆ ಘಾಟಿ ಹತ್ತುವಾಗ ಗಾಡಿ ಎಳೆಯೋದಿಲ್ಲ ಹೇಳಿ ಬೈತಿದ್ದೆ.

ಎರಡು ಸ್ಟ್ರೋಕ್ ಎಣ್ಣೆ:
ಮಧ್ಯೆ ಬಾಯಿ ಹಾಕ್ತೀನಿ ಕ್ಷಮಿಸಿ. ನನ್ನ ಯೆಜ್ಡಿ ರೋಡ್‌ಕಿಂಗಿಗೆ ಗೇಜಲ್ಲಿ ಕಂಪ್ರೆಷನ್ ಚೆನ್ನಾಗೇ ತೋರಿಸುತ್ತೆ, ಆದ್ರೂ ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಇಪ್ಪತ್ತು ಕಿಕ್, ಆದ ಮೇಲೆ ಆಕ್ಸಿಲೇಟರ್ ಬಿಟ್ರೂ ಸದ್ದು ಇಳಿಯಲ್ಲ, ಹಿಂದೆ ಬಿಳಿ ಹೊಗೆ. ಕುಶಾಲನಗರದಲ್ಲಿ ಮೂರು ಜನ ಮೂರು ಥರ ಹೇಳಿದ್ರು.

ಲೇತ್ ಮನೆ:
ನಿಮ್ದು ಬೇರೆ ಕತೆ ಗುರು. ಟು ಸ್ಟ್ರೋಕಲ್ಲಿ ವಾಲ್ವೇ ಇಲ್ಲ, ಆದ್ರೆ ಕಂಪ್ರೆಷನ್ ಎರಡು, ಪಿಸ್ಟನ್ ಮೇಲೊಂದು, ಕೆಳಗೆ ಕ್ರ್ಯಾಂಕ್‌ಕೇಸಲ್ಲಿ ಒಂದು. ಗೇಜ್ ಮೇಲಿಂದು ಮಾತ್ರ ತೋರಿಸುತ್ತೆ. ಕೆಳಗಿಂದು ಸೋರೋದು ಕ್ರ್ಯಾಂಕ್ ಸೀಲಲ್ಲಿ, ಅಂದ್ರೆ ಶಾಫ್ಟ್ ಸುತ್ತಿನ ರಬ್ಬರ್ ಉಂಗುರದಲ್ಲಿ. ಸೀಲಿಂದ ಹೊರಗಾಳಿ ಎಳ್ಕೊಂಡು ಮಿಕ್ಸ್ಚರ್ ತೆಳ್ಳಗಾಗುತ್ತೆ, ಅದಕ್ಕೇ ಸದ್ದು ಇಳಿಯಲ್ಲ. ಬಿಳಿ ಹೊಗೆ, ಜೊತೆಗೆ ಗೇರ್ ಆಯಿಲ್ ಕಮ್ಮಿ ಆಗ್ತಿದ್ರೆ ಕ್ಲಚ್ ಕಡೆ ಸೀಲು, ಇಂಜಿನ್ ಅಲ್ಲಿಂದ ಆಯಿಲ್ ಕುಡೀತಿದೆ. ಯೆಜ್ಡಿ ಮಾಡ್ತಿದ್ದ ಮೈಸೂರಿನ ಫ್ಯಾಕ್ಟ್ರಿ ಮುಚ್ಚಿದ್ದು 1996ರಲ್ಲಿ, ಅಂದ್ರೆ ನಿಮ್ಮ ಗಾಡಿ ರಬ್ಬರಿಗೆ ಎಷ್ಟು ವಯಸ್ಸು ನೀವೇ ಲೆಕ್ಕ ಹಾಕಿ. ಹಾಗೇ ಓಡಿಸ್ಬೇಡಿ, ತೆಳ್ಳಗಿನ ಮಿಕ್ಸ್ಚರಲ್ಲಿ ಪಿಸ್ಟನ್ ಹಿಡ್ಕೊಳ್ಳುತ್ತೆ.

ಎರಡು ಸ್ಟ್ರೋಕ್ ಎಣ್ಣೆ:
ಗೇರ್ ಆಯಿಲ್ ನೋಡ್ದೆ, ಅರ್ಧ ಇಲ್ಲ. 🙏 ಸರಿ, ಬುಲೆಟ್ಟಿಗೆ ವಾಪಸ್ ಹೋಗಿ.

ಸಿದ್ದಾಪುರದವ:
ಎರಡು ದಿನ ಬಿಟ್ಟು ಬರೀತಿದೀನಿ. ಮಳೆ, ಕರೆಂಟಿಲ್ಲ, ನೆಟ್ವರ್ಕಿಲ್ಲ. ಗೇಜ್ ಸಿಕ್ತು. ಒಣ 35 ಪಿಎಸ್ಐ (ಪೌಂಡ್), ಒಂದು ಚಮಚ ಎಣ್ಣೆ ಬಿಟ್ಟ ಮೇಲೆ 40. ಅಂದ್ರೆ ವಾಲ್ವ್ ಅಂತ ತೀರ್ಮಾನಾನಾ?

ಹಳೇ ಬುಲೆಟ್ ಅಜ್ಜ:
ತೀರ್ಮಾನ ಅಲ್ಲ, ಅನುಮಾನ. ತೀರ್ಮಾನ ಗಾಳಿ ಹೇಳ್ತದೆ. ಹಳೇ ಪ್ಲಗ್ ಒಂದು ತಗೋ, ಪಿಂಗಾಣಿ ಒಡೆದು ತೆಗಿ, ಉಳಿದ ಕಬ್ಬಿಣದ ಬಳೆಗೆ ಟಯರ್ ಟ್ಯೂಬಿನ ವಾಲ್ವ್ ಕೂರಿಸಿ ಬ್ರೇಜಿಂಗ್ ಮಾಡ್ಸು, ವೆಲ್ಡಿಂಗ್ ಶಾಪಿನ ಹುಡುಗ ಐದು ನಿಮಿಷದಲ್ಲಿ ಮಾಡಿಕೊಡ್ತಾನೆ. ಒಳಗಿನ ಪಿನ್ ತೆಗೆದುಬಿಡು. ಪಿಸ್ಟನ್ ಕಂಪ್ರೆಷನ್ನಿನ ಮೇಲ್ತುದಿಗೆ ತಂದು, ನಾಲ್ಕನೇ ಗೇರ್ ಹಾಕಿ, ಹಿಂದಿನ ಬ್ರೇಕ್ ಒಬ್ಬ ಒತ್ತಿ ಹಿಡ್ಕೊಳ್ಳಲಿ. ಹಿಡೀದೆ ಇದ್ರೆ ಗಾಳಿ ಪಿಸ್ಟನ್ನನ್ನ ಒದ್ದು ಇಂಜಿನ್ ತಿರುಗ್ತದೆ, ಆಗ ವಾಲ್ವ್ ತೆರೆದು ಎಲ್ಲ ಟೆಸ್ಟೂ ಸುಳ್ಳು. ಕಾಲು ಕಿಕ್ ಹತ್ರ ಇಡ್ಬೇಡ, ಬೆರಳು ಚೈನ್ ಹತ್ರ ಇಡ್ಬೇಡ. ಪಂಕ್ಚರ್ ಅಂಗಡಿ ಗಾಳಿ 30-40 ಪೌಂಡ್ ಸಾಕು.

ಆಮೇಲೆ ಕಿವಿ ಕೊಡು. ಕಾರ್ಬ್ಯುರೇಟರ್ ಬಾಯಲ್ಲಿ ಸುಯ್ ಅಂದ್ರೆ ಇನ್ಲೆಟ್ ವಾಲ್ವ್. ಸೈಲೆನ್ಸರ್ ತುದಿಲಿ ಬಂದ್ರೆ ಎಕ್ಸಾಸ್ಟ್. ಇಂಜಿನ್ ತಳದ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪಲ್ಲಿ, ಆಯಿಲ್ ಹಾಕುವ ಬಾಯಲ್ಲಿ ಬಂದ್ರೆ ರಿಂಗ್, ಅಲ್ಲಿ ಸ್ವಲ್ಪ ಸದ್ದು ಯಾವ ಇಂಜಿನ್ನಿಗೂ ಇರ್ತದೆ, ಹೆದರ್ಬೇಡ. ಹೆಡ್ ಸಂದಿಗೆ, ಪ್ಲಗ್ ಬುಡಕ್ಕೆ ಸೋಪು ನೀರು ಹಚ್ಚು, ಗುಳ್ಳೆ ಬಂದ್ರೆ ಅಲ್ಲಿ.

ಸಿದ್ದಾಪುರದವ:
ಪಿಕಪ್ಪಲ್ಲಿ ಹಾಕಿ ಪಂಕ್ಚರ್ ಅಂಗಡಿಗೆ ಒಯ್ದೆ. ಅಂಗಡಿಯವನಿಗೆ ಏನ್ ಮಾಡ್ತಿದೀವಿ ಅಂತ ಅರ್ಥ ಆಗ್ದೆ "ಟಯರ್ ಎಲ್ಲಿ?" ಅಂದ. ಸೈಲೆನ್ಸರಲ್ಲಿ ಜೋರಾಗಿ ಸದ್ದು, ಕೈ ಇಟ್ರೆ ಗಾಳಿ ಬಡಿಯುತ್ತೆ. ಕಾರ್ಬ್ಯುರೇಟರಲ್ಲಿ ಏನೂ ಇಲ್ಲ. ಬ್ರೀದರಲ್ಲಿ ಸಣ್ಣಕೆ. ಎಕ್ಸಾಸ್ಟ್ ವಾಲ್ವೇ. ನಾಳೆ ಹೆಡ್ ಬಿಚ್ತೀನಿ.

ಹಳೇ ಬುಲೆಟ್ ಅಜ್ಜ:
ನಿಲ್ಲು ನಿಲ್ಲು. ಡಿಕಂಪ್ರೆಸರ್ ಎಲ್ಲಿಗೆ ಗಾಳಿ ಬಿಡ್ತದೆ ಗೊತ್ತುಂಟಾ? ಹೆಡ್ಡಿನ ಒಳಗೇ ತೂತು ಕೊರೆದು ಎಕ್ಸಾಸ್ಟ್ ಪೋರ್ಟಿಗೆ. ಹಾಗಾಗಿ ಅದು ಸೋರಿದ್ರೂ ಸದ್ದು ಸೈಲೆನ್ಸರಲ್ಲೇ ಬರೋದು. ಮೊದ್ಲು ಅದರ ಕೇಬಲ್ಲಿಗೆ ಸ್ವಲ್ಪ ಸಡಿಲ ಉಂಟಾ ನೋಡು. ಆಮೇಲೆ ಅದನ್ನ ಬಿಚ್ಚಿ ಅದರ ಪುಟ್ಟ ವಾಲ್ವಿನ ಅಡಿ ಕಾರ್ಬನ್ ನೋಡು. ಹೆಡ್ ಎಲ್ಲಿಗೂ ಓಡಿಹೋಗೋದಿಲ್ಲ.

ಸಿದ್ದಾಪುರದವ:
ಅಜ್ಜ ಇದು ಯಾರೂ ಹೇಳಿರಲಿಲ್ಲ! ಕೇಬಲ್ ಸಡಿಲಾನೇ ಇದೆ. ಬಿಚ್ಚಿ ನೋಡಿದ್ರೆ ಪುಟ್ಟ ವಾಲ್ವಿನ ಮುಖದಲ್ಲಿ ಕಪ್ಪು ಇದ್ದಿಲಿನ ಹಾಗೆ ಹೆಪ್ಪು. ತೊಳೆದು, ಗ್ರೈಂಡಿಂಗ್ ಪೇಸ್ಟ್ ಹಚ್ಚಿ ತಿರುಗಿಸಿ ಕೂರ್ಸಿದೆ, ತಿರುಗಿ ಪಂಕ್ಚರ್ ಅಂಗಡಿ. ಸದ್ದು ಕಮ್ಮಿ ಆಗಿದೆ, ನಿಂತಿಲ್ಲ. ಗೇಜಲ್ಲಿ ಒಣ 50. ಅಂದ್ರೆ ಎರಡೂ ಇತ್ತು.

ಎರಡು ಸ್ಟ್ರೋಕ್ ಎಣ್ಣೆ:
ಪಂಕ್ಚರ್ ಅಂಗಡಿಯವನಿಗೆ ಈಗ ಅಭ್ಯಾಸ ಆಗಿರ್ಬೇಕು.

ಸಿದ್ದಾಪುರದವ:
ಚಾ ಕೊಡಿಸ್ತಾನೆ ಈಗ. ಇವತ್ತು ಹೆಡ್ ಬಿಚ್ಚಿದೆ. ರಾಕರಿಗೆ ಹೋಗೋ ಆಯಿಲ್ ಪೈಪಿನ ಬೋಲ್ಟ್ ಒಂದು ಸತಾಯಿಸ್ತು, ಉಳಿದಿದ್ದು ಸಲೀಸು. ಎಕ್ಸಾಸ್ಟ್ ಪೋರ್ಟ್ ಬಾಯಿ ಮೇಲೆ ಬರೋ ಹಾಗೆ ಹೆಡ್ಡನ್ನ ಹಿಡಿದು ಅದಕ್ಕೆ ಸೀಮೆಎಣ್ಣೆ ಬಿಟ್ರೆ ಎಣಿಸಿ ಹತ್ತು ಸೆಕೆಂಡಲ್ಲಿ ವಾಲ್ವ್ ಸುತ್ತ ಜಿನುಗಿ ಬಂತು. ಇನ್ಲೆಟ್ಟಿಗೆ ಬಿಟ್ಟಿದ್ದು ಅರ್ಧ ಗಂಟೆ ಹಾಗೇ ನಿಂತಿತ್ತು. ವಾಲ್ವ್ ತೆಗೆದು ನೋಡಿದ್ರೆ ಮುಖದ ಮೇಲೆ ಒಂದು ಕಡೆ ಸಾಸಿವೆ ಕಾಳು ಉದುರಿಸಿದ ಹಾಗೆ ತುಕ್ಕಿನ ಗುಳಿಗಳು, ಸೀಟಲ್ಲೂ ಅದೇ ಜಾಗದಲ್ಲಿ. ಬೋರಲ್ಲಿ ಉಗುರಿಗೆ ಸಿಗೋ ಗೀರು ಇಲ್ಲ, ಮೇಲಿನ ಅಂಚಲ್ಲಿ ಮೆಟ್ಟಿಲೂ ಅಷ್ಟಾಗಿಲ್ಲ.

ಲೇತ್ ಮನೆ:
ಗೊತ್ತಾಯ್ತು. ಗಾಡಿ ನಿಲ್ಸಿದ ದಿನ ಎಕ್ಸಾಸ್ಟ್ ವಾಲ್ವ್ ಸ್ವಲ್ಪ ತೆರೆದೇ ನಿಂತಿರುತ್ತೆ, ಸೈಲೆನ್ಸರಿಂದ ಒದ್ದೆ ಗಾಳಿ ನೇರ ಸೀಟಿಗೆ ಬಂದು ಕೂತಿದೆ. ಈಗ ಪೇಸ್ಟ್ ಹಚ್ಚಿ ಗ್ರೈಂಡ್ ಮಾಡಿ, ಮೊದ್ಲು ದಪ್ಪ ಆಮೇಲೆ ನಯ, ಒಂದೇ ಕಡೆ ತಿರುಗಿಸ್ಬೇಡಿ, ಅತ್ತ ಇತ್ತ ಆಡ್ಸಿ ಆಗಾಗ ಎತ್ತಿ ಜಾಗ ಬದಲಾಯಿಸಿ. ಸುತ್ತ ಒಂದೇ ಸಮ ಬೂದು ಬಣ್ಣದ ಉಂಗುರ ಬರ್ಬೇಕು. ಬಂದಿದೆ ಅನ್ಸಿದ ಮೇಲೆ ತೊಳೆದು, ವಾಲ್ವ್ ಮುಖಕ್ಕೆ ಅಡ್ಡಡ್ಡ ಪೆನ್ಸಿಲ್ ಗೆರೆ ಹಾಕಿ, ಒಂದು ಸುತ್ತು ಒತ್ತಿ ತಿರುಗಿಸಿ. ಎಲ್ಲ ಗೆರೆಯೂ ಅಳಿಸಿದ್ರೆ ಪಾಸ್. ಗುಳಿ ಆಳ ಇದ್ರೆ ಪೇಸ್ಟಲ್ಲೇ ಗುದ್ದಾಡ್ಬೇಡಿ, ಸೀಟ್ ಅಗಲ ಆಗಿ ಹಾಳಾಗುತ್ತೆ, ವಾಲ್ವ್ ಮುಖ ಲೇತಲ್ಲಿ ಹೊಡ್ಸಿ ಸೀಟನ್ನ 45 ಡಿಗ್ರಿ ಕಟ್ಟರಲ್ಲಿ ತೆಗೆಸಿ. ಗೈಡಲ್ಲಿ ವಾಲ್ವ್ ಅಲ್ಲಾಡಿಸಿ ನೋಡಿ, ಗೈಡ್ ಸಡಿಲ ಇದ್ರೆ ಎಷ್ಟು ಉಜ್ಜಿದ್ರೂ ತಿಂಗಳಲ್ಲಿ ವಾಪಸ್. ಪೇಸ್ಟನ್ನ ಒಂದು ಚೂರೂ ಉಳಿಸ್ಬೇಡಿ, ಅದು ಬೋರಿಗೆ ಇಳಿದ್ರೆ ಸುಳ್ಯದವರ ಮಾತು ನಿಜ ಆಗುತ್ತೆ.

ಸುಳ್ಯ ಸೈಡ್:
ನನ್ನನ್ನ ಯಾಕೆ ಎಳೀತೀರಿ 😅 ಈಗ ಕೂತು ಯೋಚನೆ ಮಾಡ್ತಾ ಇದ್ದೇನೆ, ನಂದಕ್ಕೆ ನಿಜವಾಗಿ ಬೋರ್ ಬೇಕಿತ್ತಾ ಹೇಳಿ. ಆವಾಗ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಸಿಕ್ಕಾಪಟ್ಟೆ ಹೊಗೆ ಬರ್ತಿತ್ತು, ಅದಕ್ಕೇ ಮಾಡ್ಸಿದ್ದು.

ಹಳೇ ಬುಲೆಟ್ ಅಜ್ಜ:
ಹೊಗೆ ಸ್ವಲ್ಪ ಹೊತ್ತಲ್ಲಿ ನಿಲ್ತಿತ್ತಾ? ವಾರಗಟ್ಟಲೆ ನಿಂತ ಮೇಲೆ ಜಾಸ್ತಿಯಾ?

ಸುಳ್ಯ ಸೈಡ್:
ಹೌದು. ಎರಡು ನಿಮಿಷದಲ್ಲಿ ನಿಲ್ತಿತ್ತು.

ಹಳೇ ಬುಲೆಟ್ ಅಜ್ಜ:
ಅದು ಆಯಿಲ್, ಪಂಪ್ ದಾಟಿ ಆಯಿಲ್ ಟ್ಯಾಂಕಿಂದ ಕ್ರ್ಯಾಂಕ್ ಕಡೆಗೆ ಇಳಿದದ್ದು. ನಿಂತ ಬುಲೆಟ್ಟಿಗೆ ಸಾಮಾನ್ಯ. ಪಂಪ್ ಅದನ್ನ ವಾಪಸ್ ಎಳ್ಕೊಂಡ ಮೇಲೆ ಹೊಗೆ ತಾನಾಗೇ ನಿಲ್ತದೆ. ರಿಂಗಿಗೂ ಅದಕ್ಕೂ ಸಂಬಂಧ ಇಲ್ಲ.

ಸುಳ್ಯ ಸೈಡ್:
ಇದನ್ನ ಕೇಳ್ಬಾರದಿತ್ತು.

ಕಾಫಿಕಣ:
😂😂

ಸಿದ್ದಾಪುರದವ:
ಪೇಸ್ಟಲ್ಲಿ ಗುಳಿ ಪೂರ್ತಿ ಹೋಗ್ಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೆಡ್ಡನ್ನ ಗೋಣಿಚೀಲದಲ್ಲಿ ಸುತ್ಕೊಂಡು ಪಿರಿಯಾಪಟ್ಟಣ ಹುಣಸೂರು ಮೇಲೆ ಮೈಸೂರಿಗೆ ಹೋದೆ, ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ. ವಾಲ್ವ್ ಮುಖ ಹೊಡ್ಸಿ ಸೀಟ್ ಕಟ್ ಮಾಡ್ಸಿ, ಗೈಡ್ ಓಕೆ ಅಂದ್ರು, ಸಂಜೆ ವಾಪಸ್. ಹೊಸ ಹೆಡ್ ಪ್ಯಾಕಿಂಗ್, ನಟ್‌ಗಳನ್ನ ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ಕೊಂಡು ಬಂದೆ, ಟ್ಯಾಪೆಟ್ ಹೊಸದಾಗಿ ಅಡ್ಜಸ್ಟ್ (ವಾಲ್ವ್ ಮೇಲೆ ಸರಿದಿದ್ರಿಂದ ಬಿಗಿ ಆಗಿತ್ತು), ಆಯಿಲ್ ಹೊಸದು. ಗೇಜಲ್ಲಿ ಒಣ 95. ಕಿಕ್ ಮೇಲೆ ನಿಂತೆ, ನಿಂತೇ ಇದ್ದೆ.

ಅಪ್ಪ ಹೊರಗೆ ಬಂದು ಡಿಕಂಪ್ರೆಸರ್ ಹಿಡಿದು ಆಮೀಟರ್ ಮುಳ್ಳು ನೋಡ್ಕೊಂಡು ಹೇಗೆ ಹೊಡೀಬೇಕು ಅಂತ ನಂಗೆ ಪಾಠ ಮಾಡಿದ್ರು, ಮೂರನೇ ಕಿಕ್ಕಿಗೆ ಹಿಡೀತು. ಇಡೀ ಶೆಡ್ ಹೊಗೆ, ಎರಡು ನಿಮಿಷದಲ್ಲಿ ನಿಂತ್ತು. ಗ್ಯಾರೇಜಿನವರು ಬೋರಿಗೆ ಹೇಳಿದ್ದ ದುಡ್ಡಲ್ಲಿ ಕಾಲು ಭಾಗವೂ ಖರ್ಚಾಗಿಲ್ಲ, ಬಸ್ ಚಾರ್ಜು ಲಗೇಜ್ ಟಿಕೆಟ್ ಸೇರಿ.

ಲೇತ್ ಮನೆ:
ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಹೆಡ್ ನಟ್ ಇನ್ನೊಂದು ಸಲ ನೋಡಿ, ಟ್ಯಾಪೆಟ್ ಕೂಡ, ಎರಡೂ ತಣ್ಣಗಿದ್ದಾಗ. ಹೊಸ ಪ್ಯಾಕಿಂಗ್ ಕೂತ ಮೇಲೆ ಲೆಕ್ಕ ಸ್ವಲ್ಪ ಬದಲಾಗುತ್ತೆ.

ಹಳೇ ಬುಲೆಟ್ ಅಜ್ಜ:
ಮನೇಲಿ ಕೋವಿ ಉಂಟಲ್ಲ. ಮಳೆಗಾಲಕ್ಕೆ ಮುಂಚೆ ನಳಿಗೆಗೆ ಎಣ್ಣೆ ಎಳೆದು ಬಟ್ಟೆ ಸುತ್ತಿ ಇಡ್ತೀರಿ, ಕೈಲ್ ಮುಹೂರ್ತಕ್ಕೆ (ನಮ್ಮ ಆಯುಧ ಪೂಜೆಯ ಹಬ್ಬ) ತೆಗೆದ್ರೆ ಫಳಫಳ ಅಂತದೆ. ಬುಲೆಟ್ಟಿನದ್ದೂ ನಳಿಗೆಯೇ. ಮುಂದಿನ ಮೇ ಕೊನೆಗೆ ಪ್ಲಗ್ ಬಿಚ್ಚಿ ಒಂದೆರಡು ಚಮಚ ಎಣ್ಣೆ ಬಿಟ್ಟು ನಾಲ್ಕು ಸಲ ತಿರುಗಿಸು. ಕಿಕ್ ಬಿಗಿ ಆಗುವಲ್ಲಿಗೆ ತಂದು, ಡಿಕಂಪ್ರೆಸರ್ ಹಿಡಿದು ಮೇಲ್ತುದಿಗೆ ನಿಲ್ಲಿಸು, ಆಗ ಎರಡು ವಾಲ್ವೂ ಮುಚ್ಚಿರ್ತದೆ. ಸೈಲೆನ್ಸರ್ ಬಾಯಿಗೆ ಎಣ್ಣೆ ಬಟ್ಟೆ ತುರುಕು, ಬಟ್ಟೆ ತುದಿ ಹೊರಗೆ ಕಾಣೋ ಹಾಗೆ ಇರಲಿ, ಇಲ್ಲಾಂದ್ರೆ ಅದನ್ನ ಮರೆತು ಕಿಕ್ ಮಾಡ್ತಾ ಇಲ್ಲಿ ಬಂದು ಇನ್ನೊಂದು ಪ್ರಶ್ನೆ ಕೇಳ್ತೀಯ.

ಎರಡು ಸ್ಟ್ರೋಕ್ ಎಣ್ಣೆ:
ಅಣ್ಣ ಆ ಪ್ಲಗ್ಗಿಂದ ಮಾಡಿದ ಗಾಳಿ ಅಡಾಪ್ಟರ್ ಈಗ ನಿಮಗೆ ಬೇಡ ಅಲ್ವಾ? ಸೀಲ್ ಹಾಕಿಸ್ತಿದೀನಿ, ಹೆಂಗಿದ್ರೂ ಗಾಡಿ ಬಿಚ್ಚಿರ್ತೀನಿ, ಒಂದು ಸಲ ನೋಡೋಣ ಅಂತ.

ಸಿದ್ದಾಪುರದವ:
ಪಂಕ್ಚರ್ ಅಂಗಡಿಯವನು ಇಸ್ಕೊಂಡು ಗೋಡೆಗೆ ನೇತುಹಾಕಿದಾನೆ, ಬುಲೆಟ್ ಟೆಸ್ಟಿಗೆ ಬೇರೆ ರೇಟ್ ಅಂತೆ. ಹಳೇ ಪ್ಲಗ್ ತಗೊಂಡು ಹೋಗಿ, ನಿಮಗೂ ಒಂದು ಮಾಡ್ಸಿಕೊಡ್ತಾನೆ.